ಎಸ್‌ಎಂಪಿಎಸ್ ಸದ್ದು ತಗ್ಗಿಸುವ ಬಗೆ

ಕೇಳುಗರಿಗೆ ನಮಸ್ಕಾರ.

ಮೇಜಿನ ಕೆಳಗಿನ ಕಂಪ್ಯೂಟರ್ ಗೊಂಯ್ ಎನ್ನತೊಡಗಿದರೆ ಬೈಗುಳ ಬೀಳುವುದು ಸಾಮಾನ್ಯವಾಗಿ ಎಸ್‌ಎಂಪಿಎಸ್ ಮೇಲೆ. ಗೋಡೆಯಿಂದ ಬರುವ 230 ವೋಲ್ಟನ್ನು 12, 5, 3.3 ವೋಲ್ಟಿಗೆ ಇಳಿಸಿಕೊಡುವ ತಗಡಿನ ಡಬ್ಬ ಅದು. ಸದ್ದು ಅದರದ್ದೇ ಹೌದೋ ಅಲ್ಲವೋ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಹಳೆಯ ಪೇಪರನ್ನು ಕೊಳವೆ ಮಾಡಿ ಸುತ್ತಿ, ಒಂದು ತುದಿ ಕಿವಿಗಿಟ್ಟು ಇನ್ನೊಂದನ್ನು ಒಂದೊಂದೇ ಫ್ಯಾನಿನ ಹತ್ತಿರ ಹಿಡಿಯಿರಿ. ಬೆಳಿಗ್ಗೆ ಆನ್ ಮಾಡಿದ ಕೂಡಲೇ ಕರಕರ ಎಂದು, ಬಿಸಿಯಾದ ಮೇಲೆ ಇಳಿಯುವ ಸದ್ದಾದರೆ ಬೇರಿಂಗ್ ಒಣಗಿದೆ. ಗೇಮ್ ಶುರುವಾದಾಗ ಸಣ್ಣಗೆ ಕೀಂಯ್ ಎನ್ನುವುದು ಫ್ಯಾನ್ ಅಲ್ಲ, ಒಳಗಿನ ತಂತಿಸುರುಳಿ, ಅಂದರೆ ಕಾಯಿಲ್. ಅದಕ್ಕೆ ಫ್ಯಾನ್ ಬದಲಿಸಿ ಉಪಯೋಗವಿಲ್ಲ.

ಫ್ಯಾನ್ ಜೋರಾಗಿ ತಿರುಗುವುದು ಶಾಖಕ್ಕಾಗಿ. ಲೆಕ್ಕ ಸರಳ. 300 ವ್ಯಾಟ್ ಹೊರಗೆ ಕೊಡುವ ಎಸ್‌ಎಂಪಿಎಸ್‌ನ ದಕ್ಷತೆ ಶೇ. 70 ಇದ್ದರೆ ಸುಮಾರು 129 ವ್ಯಾಟ್ ಅದರೊಳಗೇ ಶಾಖವಾಗುತ್ತದೆ. ಶೇ. 85 ಇದ್ದರೆ 53 ವ್ಯಾಟ್ ಮಾತ್ರ. ಫ್ಯಾನಿನ ವೇಗ ಅರ್ಧಕ್ಕಿಳಿದರೆ ಸದ್ದು ಸುಮಾರು 15 ಡೆಸಿಬಲ್ ತಗ್ಗುತ್ತದೆ, ಆದರೆ ಗಾಳಿಯೂ ಅರ್ಧವಾಗುತ್ತದೆ. ಹಾಗಾಗಿ ಶಾಖ ಎಷ್ಟು ಕಡಿಮೆಯೋ ಅಷ್ಟು ಮಾತ್ರ ಫ್ಯಾನನ್ನು ನಿಧಾನ ಮಾಡಬಹುದು. ಶಾಖ ಹೊರಹೋಗದೆ ಉಳಿದರೆ ಮೊದಲು ಸಾಯುವುದು ಚಾರ್ಜ್ ಹಿಡಿದಿಟ್ಟುಕೊಳ್ಳುವ ಕೆಪಾಸಿಟರ್‌ಗಳು. ಉಷ್ಣತೆ 10 ಡಿಗ್ರಿ ಏರಿದರೆ ಅವುಗಳ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ.

ಡಬ್ಬ ಬಿಚ್ಚುವ ಮುಂಚೆ ಬಿಚ್ಚದೇ ಆಗುವ ಕೆಲಸ ಮುಗಿಸಿ. ನಮ್ಮ ಕಂಪ್ಯೂಟರ್ ಟೇಬಲ್‌ಗಳಲ್ಲಿ ಕ್ಯಾಬಿನೆಟ್ ಇಡಲು ಪ್ಲೈವುಡ್ಡಿನ ಗೂಡು ಇರುತ್ತದಲ್ಲ, ಅದರಿಂದ ಕ್ಯಾಬಿನೆಟ್ಟನ್ನು ಹೊರಗೆ ತೆಗೆದು ಹಿಂಬದಿಗೆ ಅರ್ಧ ಅಡಿ ಜಾಗ ಬಿಡಿ. ಎಸ್‌ಎಂಪಿಎಸ್ ಮೇಲ್ಭಾಗದಲ್ಲಿರುವ ಕ್ಯಾಬಿನೆಟ್ಟಾದರೆ ಪ್ರೊಸೆಸರಿನ ಬಿಸಿಗಾಳಿಯೆಲ್ಲ ಅದರ ಹೊಟ್ಟೆಗೇ ಹೋಗುತ್ತದೆ. ಹಿಂಬದಿಗೆ 120 ಮಿಲಿಮೀಟರಿನ ನಿಧಾನಗತಿಯ ಫ್ಯಾನೊಂದನ್ನು ಹಾಕಿ ಆ ಗಾಳಿಯನ್ನು ನೇರ ಹೊರಗೆ ಕಳಿಸಿದರೆ, ಎಸ್‌ಎಂಪಿಎಸ್ ಫ್ಯಾನಿನ ಸದ್ದು ತಾನಾಗಿಯೇ ಇಳಿಯುವುದುಂಟು. ಎಷ್ಟೋ ಮನೆಗಳಲ್ಲಿ ಇಷ್ಟೇ ಸಾಕು.

ಇನ್ನು ಬಿಚ್ಚುವ ಮಾತು. ಮಲ್ಟಿಮೀಟರ್ ಹಿಡಿದು, ಬೆಸುಗೆ ಹಾಕಿ ಅಭ್ಯಾಸವಿದ್ದವರು ಮಾತ್ರ ಮುಂದುವರಿಯಿರಿ. ಉಳಿದವರು ರಿಪೇರಿ ಅಂಗಡಿಗೆ ಕೊಡಿ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ, ವೈರ್ ಕಿತ್ತ ಮೇಲೂ 325 ವೋಲ್ಟ್ ನಿಂತಿರಬಹುದು, ಆಕ್ಟಿವ್ ಪಿಎಫ್‌ಸಿ (ಪವರ್ ಫ್ಯಾಕ್ಟರ್ ಸರಿಪಡಿಸುವ ಸರ್ಕ್ಯೂಟ್) ಇರುವ ಮಾದರಿಯಲ್ಲಿ 380ರ ಆಸುಪಾಸು. ಅದನ್ನು ಖಾಲಿ ಮಾಡುವ ರೆಸಿಸ್ಟರ್ ಸಾಮಾನ್ಯವಾಗಿ ಬೋರ್ಡಿನ ಮೇಲೇ ಇರುತ್ತದೆ ನಿಜ, ಆದರೆ ಅದು ಸುಟ್ಟುಹೋಗಿದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ವೈರ್ ಕಿತ್ತು, ಪವರ್ ಬಟನ್ ಒತ್ತಿ, ಕಾಲು ಗಂಟೆ ಬಿಡಿ. ಮುಚ್ಚಳ ತೆಗೆದ ಮೇಲೆ ಕೆಪಾಸಿಟರಿನ ಎರಡೂ ಕಾಲಿಗೆ ಮೀಟರ್ ಹಿಡಿಯಿರಿ. ಚಾರ್ಜ್ ಉಳಿದಿದ್ದರೆ 10 ಕಿಲೋ ಓಮ್, 10 ವ್ಯಾಟಿನ ವೈರ್‌ವೌಂಡ್ ರೆಸಿಸ್ಟರಿಗೆ ಇನ್ಸುಲೇಟೆಡ್ ತಂತಿ ಕಟ್ಟಿ ಒಂದು ನಿಮಿಷ ಮುಟ್ಟಿಸಿ, ಮತ್ತೆ ಅಳೆಯಿರಿ. 10 ವೋಲ್ಟಿಗಿಂತ ಕೆಳಗೆ ಬಂದ ಮೇಲೆ ಕೈ ಹಾಕಿ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವ ಚಾಳಿ ಬೇಡ. ಕಿಡಿ ಹಾರಿ ಕೆಪಾಸಿಟರ್ ಕೆಡುತ್ತದೆ, ಕಣ್ಣಿಗೂ ಅಪಾಯ. ಮುಚ್ಚಳ ತೆಗೆದಿಟ್ಟು ಕರೆಂಟ್ ಕೊಟ್ಟು ನೋಡುವುದಂತೂ ಸುತರಾಂ ಕೂಡದು. ಕೆಲವು ಮಾದರಿಗಳಲ್ಲಿ ಶಾಖ ಹೀರುವ ಲೋಹದ ಪಟ್ಟಿ, ಅಂದರೆ ಹೀಟ್‌ಸಿಂಕಿನಲ್ಲೇ, ಕರೆಂಟ್ ಹರಿಯುತ್ತಿರುತ್ತದೆ.

ಒಳಗಿನ ದೂಳನ್ನು ಮೆತ್ತನೆಯ ಬ್ರಶ್ಶಿನಿಂದ ತೆಗೆಯಿರಿ. ಬ್ಲೋವರ್ ಹಿಡಿಯುವುದಾದರೆ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದಿಟ್ಟುಕೊಳ್ಳಿ. ನಮ್ಮ ಕಡೆ ಇರುವೆಗೂಡು, ಸತ್ತ ಹಲ್ಲಿ ಸಿಕ್ಕರೂ ಆಶ್ಚರ್ಯವಿಲ್ಲ.

ಬೇರಿಂಗ್ ಮಾತ್ರ ಒಣಗಿದ್ದರೆ ಫ್ಯಾನಿನ ನಡುವಿನ ಸ್ಟಿಕ್ಕರ್ ಎತ್ತಿ, ರಬ್ಬರ್ ಬಿರಡೆ ತೆಗೆದು ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಡಿ. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಗಟ್ಟಿಯಾಗುತ್ತದೆ, ಬರಬರುತ್ತಾ ಜಿಗುಟಾಗುತ್ತದೆ. ಎಣ್ಣೆ ಬಿಟ್ಟ ಫ್ಯಾನ್ ಕೆಲವು ತಿಂಗಳು ಓಡೀತು, ಅಷ್ಟೇ. ಬದಲಿಸುವುದೇ ಲೇಸು.

ಹೊಸ ಫ್ಯಾನ್ ಹಳೆಯದರಷ್ಟೇ ಅಳತೆಯದಾಗಿರಲಿ. ದಪ್ಪ ಸಾಮಾನ್ಯವಾಗಿ 25 ಮಿಲಿಮೀಟರ್, ಕೆಲವದರಲ್ಲಿ 20 ಇರುವುದರಿಂದ ಅಳೆದು ತನ್ನಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಂಥವು ಸಿಗುತ್ತವೆ. 120 ಮಿಲಿಮೀಟರಿನದಾದರೆ 1200 ಆರ್‌ಪಿಎಂ ಆಸುಪಾಸಿನದು, ಬಾಲ್ ಅಥವಾ ಫ್ಲೂಯಿಡ್ ಬೇರಿಂಗಿನದು ಕೇಳಿ. ಮಲಗಿ ತಿರುಗುವ ಫ್ಯಾನಿಗೆ ಅಗ್ಗದ ಸ್ಲೀವ್ ಬೇರಿಂಗ್ ಬೇಗ ಸವೆಯುತ್ತದೆ. ನಾಲ್ಕು ಪಿನ್ನಿನದು ಬೇಡ, ಎರಡು ಅಥವಾ ಮೂರು ಪಿನ್ನಿನದು ಸಾಕು.

ಅನೇಕರು ಎಡವುವುದು ಇಲ್ಲಿ. ಎಸ್‌ಎಂಪಿಎಸ್ ತಣ್ಣಗಿರುವಾಗ ಅದರ ಬೋರ್ಡು ಫ್ಯಾನಿಗೆ ಕೊಡುವುದು ಎಷ್ಟೋ ಸಲ 5 ವೋಲ್ಟಿನ ಹತ್ತಿರ ಮಾತ್ರ. ಹೀಟ್‌ಸಿಂಕಿಗೆ ಅಂಟಿಸಿದ ಥರ್ಮಿಸ್ಟರ್, ಅಂದರೆ ಶಾಖ ಗುರುತಿಸುವ ಪುಟ್ಟ ಬಿಡಿಭಾಗ, ಬಿಸಿಯಾದಂತೆ ಬೋರ್ಡು ಆ ವೋಲ್ಟನ್ನು ಏರಿಸುತ್ತದೆ. ನಿಮ್ಮ ಫ್ಯಾನ್ 5 ವೋಲ್ಟಿನಲ್ಲಿ ಶುರುವೇ ಆಗದಿದ್ದರೆ? ಹಾಗಾಗಿ ಜೋಡಿಸುವ ಮುಂಚೆ ಬೇರೊಂದು ಎಸ್‌ಎಂಪಿಎಸ್‌ನ ನಾಲ್ಕು ಪಿನ್ನಿನ ಮೋಲೆಕ್ಸ್ ಕನೆಕ್ಟರಿನ ಕೆಂಪು–ಕಪ್ಪು ತಂತಿಗೆ (5 ವೋಲ್ಟ್) ಸಿಕ್ಕಿಸಿ ನೋಡಿ. ನಿಲ್ಲಿಸಿದಾಗಲೂ ಮಲಗಿಸಿದಾಗಲೂ ತಾನಾಗಿ ಹೊರಡಬೇಕು. ಥರ್ಮಿಸ್ಟರ್ ಕಿತ್ತುಬಾರದಂತೆ ಎಚ್ಚರ: ಅದರ ತಂತಿ ತುಂಡಾದರೆ ಬೋರ್ಡು ‘ತಣ್ಣಗಿದೆ’ ಎಂದೇ ತಿಳಿದು ಫ್ಯಾನನ್ನು ನಿಧಾನವಾಗಿಯೇ ಓಡಿಸುತ್ತದೆ.

ಹಳೆಯ ಫ್ಯಾನಿನ ತಂತಿಯನ್ನು ಬೋರ್ಡಿನ ಕಡೆ ಮೂರು ಇಂಚು ಉಳಿಸಿ ಕತ್ತರಿಸಿ, ಹೊಸದಕ್ಕೆ ಬೆಸೆದು, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್‌ಶ್ರಿಂಕ್ ಕೊಳವೆ ಹಾಕಿ. ಇನ್ಸುಲೇಶನ್ ಟೇಪ್ ಶಾಖಕ್ಕೆ ಅಂಟು ಬಿಟ್ಟು ಸುರುಳಿ ಬಿಚ್ಚುತ್ತದೆ, ಆಗ ತಂತಿ ಎಲ್ಲಿ ತಾಗುತ್ತದೋ ಹೇಳಲಾಗದು. ತಂತಿಯ ಬಣ್ಣವನ್ನು ನಂಬಬೇಡಿ. ಹಳದಿ ಕೆಲವು ಫ್ಯಾನಿನಲ್ಲಿ 12 ವೋಲ್ಟ್, ಕೆಲವದರಲ್ಲಿ ವೇಗ ತಿಳಿಸುವ ತಂತಿ. ಮೂರು ಪಿನ್ನಿನ ಕನೆಕ್ಟರಿನಲ್ಲಿ ನಡುವಿನದು 12 ವೋಲ್ಟ್, ಕಪ್ಪು ಇರುವ ಅಂಚಿನದು ಗ್ರೌಂಡ್. ಮೂರನೆಯದನ್ನು ಕತ್ತರಿಸಿ ಮುಚ್ಚಿ.

ಥರ್ಮಿಸ್ಟರಿಲ್ಲದ ಹಳೆಯ ಮಾದರಿಯಲ್ಲಿ ಫ್ಯಾನ್ ಸದಾ 12 ವೋಲ್ಟಿನಲ್ಲೇ ಓಡುತ್ತದೆ. ಅಲ್ಲಿ 1N4007 ಡಯೋಡುಗಳನ್ನು ಸರಣಿಯಲ್ಲಿ ಹಾಕಿ. ಒಂದೊಂದು ಸುಮಾರು 0.7 ವೋಲ್ಟ್ ತಿನ್ನುತ್ತದೆ, ಆರು ಹಾಕಿದರೆ ಫ್ಯಾನಿಗೆ 8 ವೋಲ್ಟಿನಷ್ಟು ಉಳಿಯುತ್ತದೆ. 12 ಮತ್ತು 5ರ ನಡುವೆ ಫ್ಯಾನ್ ಕಟ್ಟಿ 7 ವೋಲ್ಟ್ ಪಡೆಯುವ ಉಪಾಯವೂ ಚಾಲ್ತಿಯಲ್ಲಿದೆ. ಫ್ಯಾನ್ ಶಾರ್ಟಾದರೆ 12 ವೋಲ್ಟ್ ನೇರ 5ರ ಲೈನಿಗೆ ನುಗ್ಗುತ್ತದೆ. ಆ ಉಪಾಯ ಬಿಟ್ಟುಬಿಡಿ.

ಫ್ಯಾನಿನ ಪಕ್ಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಕಸವೆಂದು ಎಸೆಯಬೇಡಿ. ಗಾಳಿ ಅಡ್ಡದಾರಿ ಹಿಡಿಯದೆ ಹೀಟ್‌ಸಿಂಕಿನ ಮೇಲೆ ಹಾಯುವುದು ಅದರಿಂದಲೇ. ಫ್ಯಾನಿನ ಬಾಣದ ಗುರುತು ಹಳೆಯದು ಇದ್ದ ದಿಕ್ಕಿಗೇ ಇರಲಿ. ಮುಚ್ಚುವ ಮುಂಚೆ ಸ್ಕ್ರೂಗಳನ್ನು ಎಣಿಸಿ. ಬೋರ್ಡಿನಡಿ ಉರುಳಿದ ಒಂದೇ ಒಂದು ಸ್ಕ್ರೂ ಫ್ಯೂಸಿನ ಜೊತೆ ಟ್ರಾನ್ಸಿಸ್ಟರುಗಳನ್ನೂ ಸುಡುತ್ತದೆ.

ಮುಚ್ಚಳ ಹಾಕಿದ ಮೇಲೆ ಪರೀಕ್ಷೆ. ದೊಡ್ಡ ಕನೆಕ್ಟರಿನ ಹಸಿರು ತಂತಿಗೆ ಪಕ್ಕದ ಕಪ್ಪನ್ನು ಸೇರಿಸಿದರೆ ಎಸ್‌ಎಂಪಿಎಸ್ ಆನ್ ಆಗುತ್ತದೆ. ಎಸ್‌ಎಂಪಿಎಸ್‌ನ ಹಳದಿ–ಕಪ್ಪು ತಂತಿಗೆ (12 ವೋಲ್ಟ್) ಬೈಕಿನ 12 ವೋಲ್ಟ್, 21 ವ್ಯಾಟ್ ಬಲ್ಬು ಎರಡು ಕಟ್ಟಿ ಮೊದಲ ಅರ್ಧ ಗಂಟೆ ಓಡಿಸಿ. ಆಮೇಲೆ ಕಂಪ್ಯೂಟರಿಗೆ ಜೋಡಿಸಿ, ಭಾರೀ ಕೆಲಸ ಕೊಟ್ಟು, ತುದಿತಂತಿಯ ಡಿಜಿಟಲ್ ಥರ್ಮಾಮೀಟರಿನಿಂದ ಒಳಹೋಗುವ ಗಾಳಿ ಮತ್ತು ಹೊರಬರುವ ಗಾಳಿ ಎರಡನ್ನೂ ಅಳೆಯಿರಿ. ವ್ಯತ್ಯಾಸ 10 ಡಿಗ್ರಿಯೊಳಗಿದ್ದರೆ ನಿಶ್ಚಿಂತೆ. 15 ದಾಟಿದರೆ ಫ್ಯಾನ್ ಸಾಲದು. ಡಯೋಡ್ ಕಡಿಮೆ ಮಾಡಿ ಅಥವಾ ಇನ್ನಷ್ಟು ವೇಗದ ಫ್ಯಾನ್ ಹಾಕಿ. ಮಡಿಕೇರಿಯ ಡಿಸೆಂಬರಿನಲ್ಲಿ ಪಾಸಾದದ್ದು ರಾಯಚೂರಿನ ಮೇ ತಿಂಗಳಲ್ಲಿ ಪಾಸಾಗಬೇಕೆಂದಿಲ್ಲ. ಕೋಣೆಯೇ 40 ಡಿಗ್ರಿ ಇರುವ ಊರಿನವರು ಬೇಸಗೆಯಲ್ಲಿ ಇನ್ನೊಮ್ಮೆ ಅಳೆಯಿರಿ.

ಬಿಚ್ಚಿದಾಗ ಕೆಪಾಸಿಟರಿನ ತಲೆ ಉಬ್ಬಿದ್ದರೆ, ಬೋರ್ಡು ಕಂದಿದ್ದರೆ, ಡಬ್ಬ ಕೈಗೆ ತೀರಾ ಹಗುರವೆನಿಸಿದರೆ ಅದರ ಮೇಲೆ ಹೊಸ ಫ್ಯಾನಿನ ದುಡ್ಡು ಹಾಕಬೇಡಿ. ಅದೇ ದುಡ್ಡನ್ನು 80 ಪ್ಲಸ್ (ಶೇ. 80 ಅಥವಾ ಹೆಚ್ಚು ದಕ್ಷತೆಯ) ಗುರುತಿನ, 120 ಮಿಲಿಮೀಟರ್ ಫ್ಯಾನಿನ ಹೊಸ ಎಸ್‌ಎಂಪಿಎಸ್‌ಗೆ ಸೇರಿಸಿ.