ಆಗಸ್ಟ್ 15ರ ಡಾಕ್ಯುಮೆಂಟರಿಯಲ್ಲಿ ಕಲಬುರಗಿ ಯಾಕೆ ಕಾಣಿಸುವುದಿಲ್ಲ?

[ಪರದೆ ಕಪ್ಪು. ದನಿ ಮಾತ್ರ.]

1947ರ ಆಗಸ್ಟ್ 15. ದೆಹಲಿಯಲ್ಲಿ ಧ್ವಜ ಏರುತ್ತಿದೆ. ಅದೇ ದಿನ, ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಲಬುರಗಿ, ಬೀದರ್, ರಾಯಚೂರಿನಲ್ಲಿ ಅದೇ ಧ್ವಜ ಹಿಡಿದರೆ ಜೈಲು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಮುಂದಾಳು ಸ್ವಾಮಿ ರಮಾನಂದ ತೀರ್ಥರು ಬಂಧನವಾದದ್ದೂ ಆ ದಿನವೇ. ಈ ಮೂರು ಜಿಲ್ಲೆಗಳಿಗೆ ಸ್ವಾತಂತ್ರ್ಯ ಬಂದದ್ದು 1948ರ ಸೆಪ್ಟೆಂಬರ್ 17ಕ್ಕೆ, 13 ತಿಂಗಳು 2 ದಿನ ತಡವಾಗಿ.

[ಪರದೆ ಮೇಲೆ ಎರಡು ದಿನಾಂಕ, ಅಕ್ಕಪಕ್ಕ.]

ದೊಡ್ಡ ಚಾನೆಲ್‌ಗಳ ಸ್ವಾತಂತ್ರ್ಯದ ಡಾಕ್ಯುಮೆಂಟರಿಗಳಲ್ಲಿ ಈ 13 ತಿಂಗಳಿಗೆ ಸಾಮಾನ್ಯವಾಗಿ ಸಿಗುವುದು ಒಂದು ನಿಮಿಷಕ್ಕಿಂತ ಕಡಿಮೆ. ಯಾರೋ ಕೂತು ಬೇಕಂತಲೇ ಕತ್ತರಿ ಹಾಕಿದರು ಅಂತ ನಮಗೆ ಮೊದಲು ಅನಿಸುತ್ತದೆ. ಕೆಲವು ಸಲ ಅದೂ ನಿಜ. ಆದರೆ ಬಹಳಷ್ಟು ಸಲ ಸ್ಕ್ರಿಪ್ಟ್ ಬರೆಯುವ ಮೊದಲೇ ಇತಿಹಾಸ ಬಿಟ್ಟುಹೋಗಿರುತ್ತದೆ. ಎಲ್ಲೆಲ್ಲಿ ಬಿಟ್ಟುಹೋಗುತ್ತದೆ ಅನ್ನುವುದನ್ನು ಇವತ್ತು ಬಿಚ್ಚಿ ನೋಡೋಣ.

[ಪರದೆ: ಖಾಲಿ ಟೈಮ್‌ಲೈನ್, 60 ನಿಮಿಷ.]

ಮೊದಲು ಸಮಯದ ಲೆಕ್ಕ. ಟಿವಿಯಲ್ಲಿ ಒಂದು ಗಂಟೆಯ ಕಾರ್ಯಕ್ರಮ ಅಂದರೆ ಒಂದು ಗಂಟೆ ಅಲ್ಲ. ಗಂಟೆಗೆ 12 ನಿಮಿಷದವರೆಗೆ ಜಾಹೀರಾತು ಹಾಕಲು ನಮ್ಮ ನಿಯಮದಲ್ಲಿ ಅವಕಾಶವಿದೆ. ಉಳಿದ 48ರಲ್ಲಿ ಶೀರ್ಷಿಕೆ, ಕೊನೆಯ ಹೆಸರುಗಳು, ಪ್ರತಿ ಬ್ರೇಕ್ ಆದಮೇಲೆ "ಇಲ್ಲಿಯವರೆಗೆ ನೋಡಿದ್ದು" ಇವನ್ನೆಲ್ಲ ಕಳೆಯಿರಿ. ಕೈಗೆ ಉಳಿಯುವುದು ಸುಮಾರು 44 ನಿಮಿಷ. ಅದರಲ್ಲಿ ಸಂದರ್ಶನ, ಸಂಗೀತ, ಮಾತಿಲ್ಲದ ದೃಶ್ಯ ಸೇರಿ ಶೇ. 40 ಅಂತ ಹಿಡಿದರೆ ನಿರೂಪಕನ ಪಾಲಿಗೆ 26 ನಿಮಿಷ.

ಕನ್ನಡದಲ್ಲಿ ಆರಾಮವಾಗಿ ಓದಿದರೆ ನಿಮಿಷಕ್ಕೆ 90ರಿಂದ 100 ಪದ ಬರುತ್ತದೆ. ಇಂಗ್ಲಿಷಿನಲ್ಲಿ 130ರ ಆಸುಪಾಸು ಓದಬಹುದು. ನಮ್ಮಲ್ಲಿ ವಿಭಕ್ತಿ, ಕಾಲ, ಎಲ್ಲವೂ ಪದಕ್ಕೇ ಅಂಟಿಕೊಳ್ಳುವುದರಿಂದ ಪದಗಳು ಉದ್ದ. ಹಾಗಾಗಿ ಇಡೀ ಕಾರ್ಯಕ್ರಮಕ್ಕೆ ಸಿಗುವುದು ಹೆಚ್ಚುಕಮ್ಮಿ 2,500 ಪದ. ವಿಷಯ "1857ರಿಂದ 1947" ಅಂತಿದ್ದರೆ 90 ವರ್ಷ. ಭಾಗಿಸಿ ನೋಡಿ.

[ಪರದೆ: ವರ್ಷಕ್ಕೆ 27 ಪದ.]

27 ಪದದಲ್ಲಿ ಒಂದು ವರ್ಷ! ಉಪ್ಪಿನ ಸತ್ಯಾಗ್ರಹಕ್ಕೆ, ಕ್ವಿಟ್ ಇಂಡಿಯಾಕ್ಕೆ, ದೇಶ ವಿಭಜನೆಗೆ 200, 300 ಪದ ಕೊಡಲೇಬೇಕು. ಅದನ್ನು ಬೇರೆ ಕಡೆಯಿಂದ ಕಿತ್ತೇ ಕೊಡಬೇಕು. ಜೊತೆಗೆ ಶೀರ್ಷಿಕೆಯಲ್ಲೇ 1947 ಅಂತ ಇರುವುದನ್ನು ಗಮನಿಸಿ. ಅಂತ್ಯದ ಇಸವಿ ನಿರ್ಧಾರವಾದ ಕ್ಷಣವೇ 1948ರ ಕಲಬುರಗಿ ಹೊರಗಾಯಿತು. ಮೈಸೂರೂ ಇಕ್ಕಟ್ಟಿಗೆ ಬಿತ್ತು: ಅಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ, ಅಂದರೆ ಜನರಿಗೆ ಉತ್ತರ ಕೊಡುವ ಸರ್ಕಾರಕ್ಕಾಗಿ, "ಮೈಸೂರು ಚಲೋ" ಶುರುವಾದದ್ದೇ 1947ರ ಸೆಪ್ಟೆಂಬರ್‌ನಲ್ಲಿ, ಕೆ.ಸಿ. ರೆಡ್ಡಿ ಅವರ ಸರ್ಕಾರ ಬಂದದ್ದು ಅಕ್ಟೋಬರ್ ಕೊನೆಗೆ.

ಎರಡನೆಯದು ಫುಟೇಜ್. ನಮ್ಮ ಪ್ರಕಾರ ಎಲ್ಲಕ್ಕಿಂತ ದೊಡ್ಡ ಕಾರಣ ಇದು.

[ಪರದೆ: ಫಿಲಂ ರೀಲಿನ ಡಬ್ಬ. ಮುಚ್ಚಳ ತೆರೆದರೆ ಒಳಗೆ ಖಾಲಿ.]

ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರ ಇಲ್ಲಿ "ಇಂಡಿಯನ್ ನ್ಯೂಸ್ ಪರೇಡ್" ಎಂಬ ಸುದ್ದಿಚಿತ್ರ ನಡೆಸುತ್ತಿತ್ತು. ಅದು ಯುದ್ಧದ ಪ್ರಚಾರಕ್ಕಾಗಿ ಇದ್ದದ್ದು. 1946ರಲ್ಲಿ ಅದು ನಿಂತಿತು. ಸ್ವತಂತ್ರ ಭಾರತದ ಫಿಲ್ಮ್ಸ್ ಡಿವಿಷನ್ ಹುಟ್ಟಿದ್ದು 1948ರಲ್ಲಿ. ನಡುವಿನ ಅವಧಿಯಲ್ಲಿ ದೇಶ ಸ್ವತಂತ್ರವಾಯಿತು, ಎರಡಾಯಿತು. ಆಗ ಸರ್ಕಾರದ ಸ್ವಂತ ಸುದ್ದಿಚಿತ್ರ ವಿಭಾಗವೇ ಇರಲಿಲ್ಲ. ಇವತ್ತು ನಾವು ನೋಡುವ ದೃಶ್ಯಗಳಲ್ಲಿ ಬಹುಪಾಲು ವಿದೇಶಿ ಸುದ್ದಿಚಿತ್ರ ಕಂಪನಿಗಳ ಮತ್ತು ಕೆಲವು ಖಾಸಗಿ ಛಾಯಾಗ್ರಾಹಕರ ಕ್ಯಾಮೆರಾದಲ್ಲಿ ಸೆರೆಯಾದವು. ಲಂಡನ್ನಿನ ಪ್ರೇಕ್ಷಕರಿಗೆ ಮೌಂಟ್‌ಬ್ಯಾಟನ್ ಬೇಕಿತ್ತು, ದೆಹಲಿಯ ಮೆರವಣಿಗೆ ಬೇಕಿತ್ತು. ಬೀದರ್ ಜಿಲ್ಲೆಯ ಗೋರ್ಟಾ ಅನ್ನುವ ಹಳ್ಳಿಗೆ ಕ್ಯಾಮೆರಾ ಹೋಗಲು ಕಾರಣವೇ ಇರಲಿಲ್ಲ.

ಗೋರ್ಟಾದಲ್ಲಿ ಏನಾಯಿತು? ಬಸವಕಲ್ಯಾಣ ಸೀಮೆಯ ಆ ಊರಿನ ಮೇಲೆ 1948ರ ಮೇ ತಿಂಗಳಲ್ಲಿ ರಜಾಕಾರರು ದಾಳಿ ಮಾಡಿ ಊರವರನ್ನು ಸಾಮೂಹಿಕವಾಗಿ ಕೊಂದರು. ರಜಾಕಾರರು ಅಂದರೆ ಕಾಸಿಂ ರಜ್ವಿ ಮುಂದಾಳತ್ವದ ಖಾಸಗಿ ಸಶಸ್ತ್ರ ಪಡೆ. ಹೈದರಾಬಾದ್ ಭಾರತಕ್ಕೆ ಸೇರಬಾರದು ಅನ್ನುವುದು ಅವರ ಹಟ. ಗೋರ್ಟಾದ ಒಂದು ಸೆಕೆಂಡಿನ ಚಲನಚಿತ್ರವೂ ಎಡಿಟರ್ ಕೈಗೆ ಸಿಗುವುದಿಲ್ಲ. ಸಿಗದಿದ್ದಾಗ ಎಡಿಟರ್ ಮುಂದೆ ಮೂರು ದಾರಿ: ಊರಿಗೆ ಹೋಗಿ ಹೊಸದಾಗಿ ಶೂಟ್ ಮಾಡುವುದು, ಚಿತ್ರ ಬರೆಸುವುದು, ಆ ವಾಕ್ಯವನ್ನೇ ತೆಗೆಯುವುದು. ಮೊದಲೆರಡಕ್ಕೆ ಹಣ ಬೇಕು, ದಿನ ಬೇಕು. ಮೂರನೆಯದಕ್ಕೆ ಒಂದು ಕೀಲಿ ಒತ್ತಿದರೆ ಸಾಕು.

ಇದ್ದ ಫುಟೇಜ್ ಕೂಡ ಬಿಟ್ಟಿ ಸಿಗುವುದಿಲ್ಲ. ಅದರ ದರ ಸೆಕೆಂಡಿನ ಲೆಕ್ಕದಲ್ಲಿ. ಜೊತೆಗೆ ಎಷ್ಟು ದೇಶಗಳಲ್ಲಿ, ಎಷ್ಟು ವರ್ಷ, ಟಿವಿ ಮಾತ್ರವೋ ಆನ್‌ಲೈನೂ ಸೇರಿಯೋ ಅನ್ನುವುದರ ಮೇಲೆ ದರ ಏರುತ್ತದೆ. ಎಷ್ಟೋ ಸಂಗ್ರಹಗಳಲ್ಲಿ ಕನಿಷ್ಠ ಇಷ್ಟು ಸೆಕೆಂಡ್ ಕೊಳ್ಳಲೇಬೇಕು ಅಂತ ಮಿತಿ ಇರುತ್ತದೆ. ನಿಮಗೆ 6 ಸೆಕೆಂಡ್ ಬೇಕಿದ್ದರೂ ಇಡೀ ಕನಿಷ್ಠಕ್ಕೆ ದುಡ್ಡು ಕಟ್ಟಬೇಕು. ಕಟ್ಟಿದ ಮೇಲೆ ಅದನ್ನು ಪೂರ್ತಿ ಬಳಸುವ ಆಸೆ ಸಹಜ. ಅದಕ್ಕೇ ರೈಲಿನ ಛಾವಣಿ ಮೇಲೆ ಕೂತ ನಿರಾಶ್ರಿತರ ದೃಶ್ಯವನ್ನು ನೀವು ಹತ್ತಾರು ಕಾರ್ಯಕ್ರಮಗಳಲ್ಲಿ ನೋಡಿರುತ್ತೀರಿ. ಪಂಜಾಬಿನ ಆ ದೃಶ್ಯ ಹಾಕಿ ಅದರ ಮೇಲೆ ಬಂಗಾಳದ ಮಾತು ಹೇಳುವುದೂ ಉಂಟು. ಇದು ತಪ್ಪು, ನೇರವಾಗಿ ತಪ್ಪು.

[ಪರದೆ: 45 ಸೆಕೆಂಡಿನ ಗಡಿಯಾರ ಓಡುತ್ತದೆ. ಪಕ್ಕದಲ್ಲಿ ಪೆನ್ಸಿಲ್ ರೇಖಾಚಿತ್ರಗಳು, ಒಂದೊಂದಾಗಿ.]

ಈಗ ಹೈದರಾಬಾದಿಗೆ ಸಿಗುವ ಆ ಮುಕ್ಕಾಲು ನಿಮಿಷವನ್ನು ಹತ್ತಿರದಿಂದ ನೋಡಿ. ಮೊದಲು ಒಂದು ನಕ್ಷೆ, ನಡುವೆ ಹಸಿರು ಮಚ್ಚೆ. "ನಿಜಾಮ ಸ್ವತಂತ್ರವಾಗಿರಲು ಬಯಸಿದ." ಆಮೇಲೆ ಟ್ಯಾಂಕು, ಧೂಳು. "ಆಪರೇಷನ್ ಪೋಲೋ." ಅಂದರೆ ಹೈದರಾಬಾದ್ ಮೇಲೆ ಭಾರತದ ಸೇನೆ ನಡೆಸಿದ ಕಾರ್ಯಾಚರಣೆ. ನಂತರ ಹೈದರಾಬಾದ್ ಸೇನೆಯ ಮುಖ್ಯಸ್ಥ ಜನರಲ್ ಎಲ್ ಎದ್ರೂಸ್ ಭಾರತದ ಸೇನೆಯ ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರಿಗೆ ಶರಣಾಗುವ ಫೋಟೊ. ಕೊನೆಗೆ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಸರ್ದಾರ್ ಪಟೇಲರಿಗೆ ಕೈ ಮುಗಿಯುವ ಚಿತ್ರ, ಸಂಗೀತ ಏರುತ್ತದೆ, ಬ್ರೇಕ್.

ಇಲ್ಲಿ ಆಡಿದ ಮಾತಿನಲ್ಲಿ ಒಂದೂ ಸುಳ್ಳಿಲ್ಲ. ಆದರೆ ಒಂದೊಂದು ಶಾಟ್‌ನ ಅಂಚಿನಾಚೆ ಏನಿದೆ ನೋಡೋಣ.

ಆ ನಕ್ಷೆ. ಎಷ್ಟೋ ಕಡೆ ಇವತ್ತಿನ ತೆಲಂಗಾಣದ ಆಕಾರವನ್ನೇ ಹಾಕಿರುತ್ತಾರೆ. ಆಗಿನ ಹೈದರಾಬಾದ್ ಸಂಸ್ಥಾನದಲ್ಲಿ 16 ಜಿಲ್ಲೆಗಳಿದ್ದವು. ತೆಲುಗು ಸೀಮೆಯ 8, ಮರಾಠವಾಡದ 5, ಕನ್ನಡದ 3. ಇಂದಿನ ಯಾದಗಿರಿ ಆಗ ಕಲಬುರಗಿಯೊಳಗೆ, ಕೊಪ್ಪಳ ರಾಯಚೂರಿನೊಳಗೆ. ನಕ್ಷೆ ತಪ್ಪಾದರೆ ಕನ್ನಡದ ಮೂರು ಜಿಲ್ಲೆ ಮೊದಲ ಶಾಟ್‌ನಲ್ಲೇ ಮಾಯ. ಆಮೇಲೆ ನಿರೂಪಣೆಯಲ್ಲಿ "ಕಲಬುರಗಿ" ಅಂದರೆ ನೋಡುವವರಿಗೆ ಇದ್ಯಾಕೆ ಬಂತು ಅಂತ ಗೊಂದಲ, ಹಾಗಾಗಿ ಆ ಪದವನ್ನೂ ತೆಗೆಯುತ್ತಾರೆ.

"ನಿಜಾಮ ಬಯಸಿದ" ಅನ್ನುವ ವಾಕ್ಯ. ವಾಕ್ಯದ ಕರ್ತೃ ಒಬ್ಬ ನಿಜಾಮ. ಎದುರು ಬರುವ ಇನ್ನೊಬ್ಬರು ಪಟೇಲ್. ನಡುವೆ ಇದ್ದ ಒಂದೂವರೆ ಕೋಟಿಗೂ ಹೆಚ್ಚು ಜನ ವ್ಯಾಕರಣದಲ್ಲೇ ಜಾಗ ಕಳೆದುಕೊಂಡರು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳು ಶಿಬಿರ ಕಟ್ಟಿದ್ದರು. ಮುಂಡರಗಿ ಆಗ ಮುಂಬಯಿ ಪ್ರಾಂತದಲ್ಲಿ, ಅಂದರೆ ಗಡಿಯ ಈಚೆ. ಇಂಥ ಶಿಬಿರಗಳು ಗಡಿಯುದ್ದಕ್ಕೂ ಇದ್ದವು. ಅಲ್ಲಿಂದ ಹುಡುಗರು ಗಡಿ ದಾಟಿ ಹೋಗಿ ಹೋರಾಡಿ ಬರುತ್ತಿದ್ದರು. ಕಲಬುರಗಿ ಕಡೆ ಸರ್ದಾರ್ ಶರಣಗೌಡ ಇನಾಮದಾರ್ ಇದ್ದರು. ತೆಲಂಗಾಣದ ಹಳ್ಳಿಗಳಲ್ಲಿ 1946ರಿಂದಲೇ ರೈತರ ಸಶಸ್ತ್ರ ಹೋರಾಟ ನಡೆದಿತ್ತು, ಅದು ಸಂಸ್ಥಾನ ಹೋದಮೇಲೂ 1951ರವರೆಗೆ ನಿಲ್ಲಲಿಲ್ಲ. ಇವರೆಲ್ಲರನ್ನೂ ಬಿಟ್ಟರೆ ಉಳಿಯುವುದು ಇಬ್ಬರು ದೊಡ್ಡವರ ನಡುವಿನ ಜಗಳ.

ಟ್ಯಾಂಕಿನ ಶಾಟ್. 1948ರ ಸೆಪ್ಟೆಂಬರ್ 13ರ ಬೆಳಗ್ಗೆ ಭಾರತದ ಸೇನೆ ಹೊರಟಿತು, 17ರ ಸಂಜೆ ನಿಜಾಮ ಯುದ್ಧ ನಿಲ್ಲಿಸಿದ. ಮುಖ್ಯ ಪಡೆ ಸೊಲ್ಲಾಪುರದಿಂದ ನಳದುರ್ಗ, ಹುಮನಾಬಾದ್, ಜಹೀರಾಬಾದ್ ದಾರಿಯಲ್ಲಿ ನುಗ್ಗಿತು. ಇತ್ತ ಹೊಸಪೇಟೆ ಕಡೆಯಿಂದ ತುಂಗಭದ್ರಾ ಸೇತುವೆ ವಶವಾಯಿತು. ಸೇನೆಯ ಒಂದು ಡಿವಿಷನ್ ಟ್ಯಾಂಕು ಸಮೇತ ಹೋದದ್ದಕ್ಕೆ ಸರ್ಕಾರ ಇಟ್ಟ ಹೆಸರು "ಪೊಲೀಸ್ ಕಾರ್ಯಾಚರಣೆ". ಯುದ್ಧ ಅಂದರೆ ಅದು ಎರಡು ದೇಶಗಳ ನಡುವಿನ ವಿಷಯವಾಗುತ್ತದೆ. ಹೈದರಾಬಾದ್ ಆಗಲೇ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಬಾಗಿಲು ತಟ್ಟಿತ್ತು. ಈ ಪದದ ಹಿನ್ನೆಲೆ ಹೇಳಲು ಹತ್ತು ಸೆಕೆಂಡ್ ಸಾಕು. ಯಾರೂ ಹೇಳುವುದಿಲ್ಲ. ನಮ್ಮ ಕಡೆ ಹಿರಿಯರು ಮಾತ್ರ ಇವತ್ತಿಗೂ "ಪೋಲೀಸ್ ಆ್ಯಕ್ಷನ್ ಆದಾಗ" ಅಂತಲೇ ಕಾಲ ಎಣಿಸುತ್ತಾರೆ.

ಈಗ ಕೊನೆಯ ಶಾಟ್. ಕೈ ಮುಗಿಯುವ ಚಿತ್ರ. ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು.

[ಸಂಗೀತ ಪೂರ್ತಿ ನಿಲ್ಲುತ್ತದೆ.]

ಯುದ್ಧ ನಿಂತ ಮೇಲೆ, ಸೆಪ್ಟೆಂಬರ್ ಮತ್ತು ಆಮೇಲಿನ ವಾರಗಳಲ್ಲಿ, ಸಂಸ್ಥಾನದ ಹಲವು ಜಿಲ್ಲೆಗಳಲ್ಲಿ ಮುಸ್ಲಿಮರ ಮೇಲೆ ಭೀಕರ ಹಿಂಸೆ ನಡೆಯಿತು. ಭಾರತ ಸರ್ಕಾರವೇ ಪಂಡಿತ್ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಇವರ ತಂಡವನ್ನು ಕಳಿಸಿತು. ಅವರು ನವೆಂಬರ್ ಕೊನೆಯಿಂದ ಡಿಸೆಂಬರ್ 21ರವರೆಗೆ 16ರಲ್ಲಿ 9 ಜಿಲ್ಲೆ ಸುತ್ತಿದರು. ಸತ್ತವರು 27,000ದಿಂದ 40,000 ಅನ್ನುವುದು ಅವರ ಅಂದಾಜು. ಅತಿ ಹೆಚ್ಚು ಪೆಟ್ಟು ತಿಂದವು ಅಂತ ಅವರು ಬರೆದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ನಾಂದೇಡ್, ಬೀದರ್ ಮತ್ತು ಕಲಬುರಗಿ. ನಾಲ್ಕರಲ್ಲಿ ಎರಡು ನಮ್ಮವು. ಜೀವಕ್ಕೆ ಹೆದರದೆ ನೆರೆಯ ಮುಸ್ಲಿಮರನ್ನು ಉಳಿಸಿದ ಹಿಂದೂಗಳ ವಿಷಯವೂ ಅದೇ ವರದಿಯಲ್ಲಿದೆ. ಪಟೇಲರು ವರದಿಯನ್ನು ಒಪ್ಪಲಿಲ್ಲ, ಸರ್ಕಾರ ಪ್ರಕಟಿಸಲಿಲ್ಲ. ದೆಹಲಿಯ ಆಗಿನ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ (ಈಗ ಪ್ರಧಾನಮಂತ್ರಿಗಳ ಸಂಗ್ರಹಾಲಯ ಮತ್ತು ಗ್ರಂಥಾಲಯ) ಅದು ನೋಡಲು ಸಿಗುತ್ತದೆ ಅನ್ನುವ ಸುದ್ದಿ ಜನರಿಗೆ ಮುಟ್ಟಿದ್ದು 2013ರಲ್ಲಿ. ಅಂಕಿಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತ ಇಲ್ಲ. ಒಮ್ಮತ ಇಲ್ಲ ಅನ್ನುವುದನ್ನೂ ಸೇರಿಸಿಯೇ ಹೇಳಬೇಕು.

ಗೋರ್ಟಾ ತೋರಿಸಿ ಸುಂದರಲಾಲ್ ವರದಿ ಬಿಡುವ ಕಾರ್ಯಕ್ರಮಗಳಿವೆ. ವರದಿ ತೋರಿಸಿ ಗೋರ್ಟಾ ಬಿಡುವವೂ ಇವೆ. ಎರಡೂ ಒಂದೇ ಜಿಲ್ಲೆಯಲ್ಲಿ ತಿಂಗಳುಗಳ ಅಂತರದಲ್ಲಿ ನಡೆದದ್ದು. ಒಂದನ್ನು ಹೇಳಲು ಇನ್ನೊಂದನ್ನು ಮುಚ್ಚಬೇಕಾಗಿಲ್ಲ. ಎರಡಕ್ಕೂ ಸೇರಿ ಬೇಕಾದದ್ದು ಮೂರು ನಿಮಿಷ.

[ಪರದೆ: ಬಿಳಿ ಹಾಳೆ, ಐದು ಗೆರೆ ಎಳೆದ ಪಟ್ಟಿ.]

ಮುಂದಿನ ಸಲ ಇತಿಹಾಸದ ಡಾಕ್ಯುಮೆಂಟರಿ ನೋಡುವಾಗ ಹಾಳೆ, ಪೆನ್ನು, ಫೋನಿನ ಸ್ಟಾಪ್‌ವಾಚ್ ಇಟ್ಟುಕೊಳ್ಳಿ. ಐದು ಅಂಕಣ: ಸಮಯ, ಸ್ಥಳ, ಮಾತಾಡುವವರು, ಅವರ ಭಾಷೆ, ಚಿತ್ರ ಎಲ್ಲಿಯದು. ಹತ್ತು ನಿಮಿಷ ತುಂಬಿಸಿದರೆ ಸಾಕು, ಎಷ್ಟು ಸಲ ದೆಹಲಿ ಬಂತು, ಎಷ್ಟು ಸಲ ಬೇರೆ ಊರು ಬಂತು ಅಂತ ಕಣ್ಣಿಗೇ ಕಾಣುತ್ತದೆ. ಭಾಷೆಯ ಅಂಕಣ ಮರೆಯಬೇಡಿ. ಕಲಬುರಗಿಯ ಅಜ್ಜಿ ಅರ್ಧ ಕನ್ನಡ ಅರ್ಧ ದಖನಿ ಉರ್ದುವಿನಲ್ಲಿ ನಿಮಿಷಗಟ್ಟಲೆ ಮಾತಾಡುತ್ತಾಳೆ. ಅದನ್ನು ಅನುವಾದಿಸಿ, ಸಬ್‌ಟೈಟಲ್ ಹಾಕಿ, ಅದು ಓದುವಷ್ಟು ಹೊತ್ತು ಪರದೆ ಮೇಲೆ ನಿಲ್ಲಬೇಕು. ಇಂಗ್ಲಿಷ್ ಬರುವ ಪ್ರೊಫೆಸರ್ ಅದನ್ನೇ 15 ಸೆಕೆಂಡಿನಲ್ಲಿ ಹೇಳಿಬಿಡುತ್ತಾರೆ. ಹಾಗಾಗಿ ಅಜ್ಜಿಯ ಮುಖ ಇರುತ್ತದೆ, ದನಿ ಇರುವುದಿಲ್ಲ.

ಕನ್ನಡದಲ್ಲಿ ಇಂಥ ವಿಡಿಯೋ ಮಾಡುವವರಿಗೆ ಒಂದಿಷ್ಟು ಮಾತು. ಕಾಗದಗಳು ಬೇಕಿದ್ದರೆ ಬೆಂಗಳೂರಿನ ರಾಜ್ಯ ಪತ್ರಾಗಾರ ಒಂದೇ ಸಾಲದು. ನಿಜಾಮ ಸರ್ಕಾರದ ದಾಖಲೆಗಳು ಹೈದರಾಬಾದಿನ ತಾರ್ನಾಕಾದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿವೆ, ಬಹುಪಾಲು ಉರ್ದು, ಹಳೆಯವು ಪಾರ್ಸಿ. ಉರ್ದು ಓದಬಲ್ಲವರನ್ನು ತಂಡದಲ್ಲಿ ಸೇರಿಸಿಕೊಂಡೇ ಹೊರಡಿ, ಇಲ್ಲದಿದ್ದರೆ ಅರ್ಧ ಇತಿಹಾಸ ಕಪಾಟಿನಲ್ಲೇ ಉಳಿಯುತ್ತದೆ. ಫುಟೇಜ್ ಇಲ್ಲದ ಜಾಗಕ್ಕೆ ಬೇರೆ ಊರಿನ ಫುಟೇಜ್ ತುಂಬಬೇಡಿ. ಊರಿನ ಇವತ್ತಿನ ಅಗಸೆ ಬಾಗಿಲು, ಬಾವಿ, ಬುರುಜು ತೋರಿಸಿ, ಪರದೆ ಮೇಲೆ "ಈಗಿನ ಚಿತ್ರ" ಅಂತ ಬರೆಯಿರಿ.

ಎಲ್ಲಕ್ಕಿಂತ ಮೊದಲು ಹಿರಿಯರ ಬಳಿ ಹೋಗಿ. 1948ರಲ್ಲಿ ಹತ್ತು ವರ್ಷವಾಗಿದ್ದವರು ಹುಟ್ಟಿದ್ದು 1938ರಲ್ಲಿ, ಈಗ 85 ದಾಟಿದ್ದಾರೆ. ದೊಡ್ಡ ಕ್ಯಾಮೆರಾಕ್ಕಾಗಿ ಕಾಯಬೇಡಿ, ಫೋನು ಸಾಕು, ಆದರೆ ಕಾಲರ್ ಮೈಕ್ ಇರಲಿ. ಫ್ಯಾನ್ ಆಫ್ ಮಾಡಿ. ಒಂದು ಸಲ ಕೂತರೆ 40 ನಿಮಿಷ ಮೀರಬೇಡಿ, ದಣಿಯುತ್ತಾರೆ. "ಸ್ವಾತಂತ್ರ್ಯ ಹೋರಾಟದ ಬಗ್ಗೆ ಹೇಳಿ" ಅಂದರೆ ಪಠ್ಯಪುಸ್ತಕದಲ್ಲಿ ಇದ್ದದ್ದೇ ತಿರುಗಿ ಬರುತ್ತದೆ. ಹೀಗೆ ಕೇಳಿ: "ರಜಾಕಾರರ ಹಾವಳಿಯಾಗ ನಿಮ್ಮ ಮನ್ಯಾಗ ಜ್ವಾಳ ಎಲ್ಲಿ ಬಚ್ಚಿಟ್ಟಿದ್ರಿ? ರಾತ್ರಿ ಎಲ್ಲಿ ಮಲಗತಿದ್ರಿ? ಪೋಲೀಸ್ ಆ್ಯಕ್ಷನ್ ಆದಮ್ಯಾಲ ಬಾಜೂ ಮನಿಯವರು ಏನಾದ್ರು?"

[ಪರದೆ: ಖಾಲಿ ಕುರ್ಚಿ, ಅದರ ಮೇಲೆ ಕಾಲರ್ ಮೈಕ್. 5 ಸೆಕೆಂಡ್ ಮೌನ. ಕಪ್ಪು.]