ಸುತ್ತಿ ಸುತ್ತಿ ಅಲ್ಲಿಗೇ ಬರುವ ಉಗಿಬಂಡಿ

ಎಲ್ಲರಿಗೂ ನಮಸ್ಕಾರ.

ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ 1955ರಿಂದ ಉಗಿಬಂಡಿ ಓಡುತ್ತಿದೆ. ಪಾರ್ಕಿನ ಸುತ್ತ ಸುಮಾರು 2 ಕಿಲೋಮೀಟರ್ ಹಳಿ. ಆ ಹಳಿಗೆ ಮೊದಲ ಎಡ ತಿರುವು ಸಿಕ್ಕಿದ್ದು ಯಾವಾಗ ಗೊತ್ತಾ? 2017ರಲ್ಲಿ. ಹೊಸ ವಿಭಾಗಕ್ಕೆ ಜಾಗ ಬೇಕಾಗಿ ಹಳಿಯ ದಾರಿಯನ್ನು ಬದಲಿಸಿದರು. ಅಲ್ಲಿಯವರೆಗೆ ಬಂಡಿ ತಿರುಗಿದ್ದೆಲ್ಲ ಬಲಕ್ಕೇ.

ಕೂತು ಹೋಗುವವರಿಗೆ ಇದು ತಮಾಷೆ. ರಿಪೇರಿ ಮಾಡುವವರಿಗೆ ಅಲ್ಲ. ಬಂಡಿ ಬಲಕ್ಕೆ ತಿರುಗುವಾಗ ಎಡಗಡೆ ಚಕ್ರದ ಅಂಚು ಹೊರಗಿನ ಹಳಿಗೆ ಒತ್ತಿಕೊಂಡು ಉಜ್ಜುತ್ತದೆ. ಊರಿಂದೂರಿಗೆ ಹೋಗುವ ರೈಲಿಗೆ ತಿರುವುಗಳು ಎರಡೂ ಕಡೆ ಬರುತ್ತವೆ, ಸವೆತ ಹಂಚಿಹೋಗುತ್ತದೆ. ಒಂದೇ ದಿಕ್ಕಿಗೆ ಸುತ್ತುವ ಬಂಡಿಯಲ್ಲಿ ಒಂದು ಕಡೆಯ ಅಂಚು ಬೇಗ ತೆಳ್ಳಗಾಗುತ್ತದೆ. ಆಗ ಚಕ್ರಗಳನ್ನು ಕಳಚಿ, ಲೇತ್‌ಗೆ ಹಾಕಿ, ಮತ್ತೆ ಆಕಾರಕ್ಕೆ ತರಬೇಕು.

ಥೀಮ್ ಪಾರ್ಕಿನ ಉಗಿಬಂಡಿ ಎಂದರೆ ಆಟಿಕೆ ಎಂದು ಸುಮಾರು ಜನ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ದುಡಿಮೆ ಇಲ್ಲಿಯೇ ಜಾಸ್ತಿ. ಅದೂ ಆ ಯಂತ್ರಗಳು ಯಾವ ಕೆಲಸಕ್ಕೆಂದು ಹುಟ್ಟಿದವೋ ಆ ಕೆಲಸವೇ ಅಲ್ಲ. ಡಿಸ್ನಿಲ್ಯಾಂಡ್‌ನ 3ನೇ ನಂಬರಿನ ಎಂಜಿನ್ 1894ರದ್ದು, ಲೂಯಿಸಿಯಾನಾದಲ್ಲಿ ಕಬ್ಬು ಎಳೆಯುತ್ತಿತ್ತು. ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನ ನಾಲ್ಕು ಎಂಜಿನ್‌ಗಳನ್ನು ತಂದದ್ದು ಮೆಕ್ಸಿಕೋದ ಯುಕಾಟಾನ್‌ನಿಂದ, 1969ರಲ್ಲಿ. ಕತ್ತಾಳೆ ನಾರಿನ ಸೀಮೆ ಅದು. ನಾರ್ತ್ ಕೆರೊಲಿನಾದ ಟ್ವೀಟ್ಸಿ ಪಾರ್ಕಿನಲ್ಲಿ ಓಡುವ 12ನೇ ನಂಬರಿನ ಎಂಜಿನ್ 1917ರದ್ದು. ಅದು ಮೊದಲಿದ್ದ ಬೆಟ್ಟದ ಸಾಲಿನ ಸಣ್ಣ ಹಳಿ 1950ರಲ್ಲಿ ಮುಚ್ಚಿತು. ಪಾರ್ಕುಗಳು ಕೊಳ್ಳದಿದ್ದರೆ ಇವು ಗುಜರಿಗೆ ಹೋಗುತ್ತಿದ್ದವು, ಅಲ್ವಾ? ಮ್ಯೂಸಿಯಂ ಅಭಿಮಾನಿಗಳು ಇದನ್ನು ಒಪ್ಪುವುದು ಸ್ವಲ್ಪ ಕಷ್ಟ.

ಈಗ ಬೆಂಕಿಯ ವಿಷಯಕ್ಕೆ ಬರೋಣ. ನಿಜವಾದ ಕೌಶಲ ಇರುವುದು ಇಲ್ಲಿ.

ಎಂಜಿನ್ ಓಡುವಾಗ ಸಿಲಿಂಡರ್‌ನಿಂದ ಹೊರಬೀಳುವ ಉಗಿ ಚಿಮಣಿಯಲ್ಲಿ ಮೇಲಕ್ಕೆ ನುಗ್ಗುತ್ತದೆ. ಅದೇ ನುಗ್ಗಾಟ ಬೆಂಕಿಗೆ ಗಾಳಿ ಎಳೆಯುತ್ತದೆ. ಆ 'ಛುಕ್ ಛುಕ್' ಬರೀ ಸದ್ದಲ್ಲ, ಬೆಂಕಿಯ ಉಸಿರು. ಬಂಡಿ ನಿಂತ ಕೂಡಲೇ ಅದು ನಿಲ್ಲುತ್ತದೆ. ಪಾರ್ಕಿನಲ್ಲಿ ಮತ್ತೆ ಮತ್ತೆ ನಿಲ್ಲಲೇಬೇಕು. ಪ್ರತಿ ಸಲ ಫೈರ್‌ಮನ್, ಅಂದರೆ ಎಂಜಿನ್ನಿನ ಬೆಂಕಿ ನೋಡಿಕೊಳ್ಳುವವನು, ಬೆಂಕಿ ತಗ್ಗಿಸಿ, ಚಿಮಣಿಗೆ ನೇರವಾಗಿ ಉಗಿ ಬಿಟ್ಟು ಗಾಳಿ ಎಳೆಯುವ ಬ್ಲೋವರ್ ತೆರೆದು, ಹೊಗೆ ಪ್ಲಾಟ್‌ಫಾರಂ ಕಡೆ ಬಾರದಂತೆ ನೋಡಿಕೊಳ್ಳಬೇಕು. ಬೆಂಕಿ ಜಾಸ್ತಿಯಾದರೆ ಒತ್ತಡ ಏರಿ ಸೇಫ್ಟಿ ವಾಲ್ವ್ 'ಭುಸ್' ಎಂದು ಬಿಚ್ಚಿಕೊಳ್ಳುತ್ತದೆ, ಪಕ್ಕದಲ್ಲಿದ್ದ ಮಗು ಬೆಚ್ಚಿ ಅಳುತ್ತದೆ. ಬುದ್ಧಿವಂತ ಫೈರ್‌ಮನ್ ಅದಕ್ಕೆ ಮುಂಚೆಯೇ ಇಂಜೆಕ್ಟರ್‌ನಿಂದ ಬಾಯ್ಲರ್‌ಗೆ ನೀರು ಬಿಟ್ಟು ಒತ್ತಡ ತಗ್ಗಿಸುತ್ತಾನೆ. ಬೆಂಕಿ ತೀರಾ ತಗ್ಗಿದರೋ, ಹೊರಡುವಾಗ ಉಗಿ ಸಾಲದು.

ಇಷ್ಟರ ನಡುವೆ ಗಾಜಿನ ಕೊಳವೆಯಲ್ಲಿ ಕಾಣುವ ನೀರಿನ ಮಟ್ಟದ ಮೇಲೆ ಕಣ್ಣಿರಲೇಬೇಕು. ಬೆಂಕಿ ಗೂಡಿನ ನೆತ್ತಿಯ ಲೋಹದ ಮೇಲೆ ಸದಾ ನೀರು ನಿಂತಿರಬೇಕು. ನೀರು ಇಳಿದರೆ ಆ ಲೋಹ ಕೆಂಪಗೆ ಕಾದು ಮೆತ್ತಗಾಗಿ ಒಳಕ್ಕೆ ಕುಸಿಯುತ್ತದೆ. ಆಗ ಬಾಯ್ಲರ್‌ನಲ್ಲಿ ಒತ್ತಡಕ್ಕೆ ಸಿಕ್ಕಿದ್ದ ನೀರಿನ ಒಂದು ಭಾಗ ಒಮ್ಮೆಲೇ ಉಗಿಯಾಗಿ ಸಿಡಿಯುತ್ತದೆ. ಹಿಂದೆ ಪುಟ್ಟ ಮಕ್ಕಳು ಕೂತಿರುವ ಬಂಡಿ ಇದು. ಹಾಗಾಗಿ ನೀರಿನ ವಿಷಯದಲ್ಲಿ ರಾಜಿ ಇಲ್ಲ.

ಇಂಧನ ಜಾಗಕ್ಕೊಂದು ಥರ. ಟ್ವೀಟ್ಸಿಯಲ್ಲಿ ಕಲ್ಲಿದ್ದಲು. ಡಿಸ್ನಿಲ್ಯಾಂಡ್ 2007ರಲ್ಲಿ ಬಯೋಡೀಸೆಲ್‌ಗೆ ಬದಲಾಯಿತು. ಆಮೇಲೆ ತನ್ನ ಅಡುಗೆಮನೆಗಳಲ್ಲಿ ಕರಿದು ಉಳಿದ ಎಣ್ಣೆಯನ್ನೇ ಅದಕ್ಕೆ ಬಳಸತೊಡಗಿತು.

ರಾತ್ರಿ ಪಾರ್ಕ್ ಮುಚ್ಚಿದ ಮೇಲೂ ಕೆಲಸವಿದೆ. ಗ್ರೀಸ್, ಬೋಲ್ಟು, ಬ್ರೇಕು. ಆಗಾಗ ಬಾಯ್ಲರ್ ತೊಳೆಯಬೇಕು, ಇಲ್ಲದಿದ್ದರೆ ನೀರಿನ ಸುಣ್ಣ ಒಳಗೆ ಗಟ್ಟಿಯಾಗಿ ಕೂತು ಶಾಖವನ್ನು ತಡೆಯುತ್ತದೆ. ದುಡಿದಷ್ಟೂ ಭಾಗಗಳು ಸವೆಯುತ್ತವೆ, ಬದಲಾಗುತ್ತವೆ. ಯುಕಾಟಾನ್‌ನಿಂದ ಬಂದ ಎಂಜಿನ್‌ಗಳಿಗೆ ಫ್ಲೋರಿಡಾದಲ್ಲಿ ಬಾಯ್ಲರ್‌ಗಳೇ ಹೊಸದಾಗಿ ಬಂದವು. 'ಹಾಗಾದರೆ ಹಳೆಯದು ಎಂದು ಹೇಗೆ ಹೇಳ್ತೀರಿ?' ಎಂದು ಕೇಳುವವರಿದ್ದಾರೆ. ಉಗಿ ಎಂಜಿನ್‌ಗಳು ಎಲ್ಲೆಡೆ ದುಡಿಯುತ್ತಿದ್ದ ಕಾಲದಲ್ಲೂ ಬಾಯ್ಲರ್ ಸವೆದರೆ ಬದಲಾಯಿಸುತ್ತಲೇ ಇದ್ದರು. ಸವೆದದ್ದನ್ನು ಬದಲಾಯಿಸಿ ಓಡಿಸುವುದೇ ರೈಲಿನವರ ಹಳೆಯ ರೂಢಿ. ನನಗಂತೂ ಬಣ್ಣ ಬಳಿದು ಗಾಜಿನ ಹಿಂದೆ ನಿಲ್ಲಿಸಿದ ಎಂಜಿನ್‌ಗಿಂತ, ಹೊಸ ಬಾಯ್ಲರ್ ಹೊತ್ತು ಇವತ್ತು ಬೆಳಿಗ್ಗೆಯೂ ಜನರನ್ನು ಎಳೆದ ಎಂಜಿನ್ನೇ ಹೆಚ್ಚು ಅಸಲಿ ಅನಿಸುತ್ತದೆ. ಒಪ್ಪದವರು ಖಂಡಿತ ಇರುತ್ತೀರಿ. ಕೇಳಿ, ಮಾತಾಡೋಣ.