ಮಗುವಿನ ಫಾಲೋವರ್ಸ್ ಪಟ್ಟಿ ಅಪರಿಚಿತನಿಗೆ ಯಾಕೆ ಕಾಣಬೇಕು?

ನಮಸ್ಕಾರ. ಇವತ್ತಿನ ವಿಷಯ ಭಾರದ್ದು, ಮೊದಲೇ ಹೇಳಿಬಿಡುತ್ತೇನೆ. ಮಕ್ಕಳನ್ನು ಆನ್‌ಲೈನ್‌ನಲ್ಲಿ ಲೈಂಗಿಕವಾಗಿ ಬಳಸಿಕೊಳ್ಳುವವರ ಬಗ್ಗೆ ಮಾತಾಡಬೇಕಿದೆ. ಹಸಿ ಹಸಿ ವಿವರ ಕೆದಕುವ ಇರಾದೆ ನನಗಿಲ್ಲ. ಆದರೆ ಈ ಮೋಸ ಹೇಗೆ ನಡೆಯುತ್ತದೆ ಅಂತ ಹತ್ತಿರದಿಂದ ನೋಡದಿದ್ದರೆ, ಯಾರನ್ನು ಪ್ರಶ್ನೆ ಮಾಡಬೇಕು ಅನ್ನೋದೇ ನಮಗೆ ಹೊಳೆಯುವುದಿಲ್ಲ.

ಹದಿನೈದು ವರ್ಷದ ಒಬ್ಬ ಹುಡುಗ ಅಂದುಕೊಳ್ಳಿ. ರಾತ್ರಿ ಮಲಗುವ ಹೊತ್ತಿಗೆ ಒಂದು ಫಾಲೋ ರಿಕ್ವೆಸ್ಟ್ ಬರುತ್ತದೆ. ಅವನದೇ ವಯಸ್ಸಿನ ಹುಡುಗಿ, ಚೆಂದದ ಫೋಟೋ. ಮ್ಯೂಚುವಲ್ ಫ್ರೆಂಡ್ಸ್ ಎಂಟು ಹತ್ತು ಮಂದಿ ಇದ್ದಾರೆ. ಯಾಕಿದ್ದಾರೆ ಅಂದರೆ, ಆ ಖಾತೆ ಮೊದಲು ಅವನ ಕ್ಲಾಸಿನವರಿಗೆಲ್ಲ ರಿಕ್ವೆಸ್ಟ್ ಕಳಿಸಿ ಆಮೇಲೆ ಇವನ ಹತ್ತಿರ ಬಂದಿದೆ. ಇವನು ಒಪ್ಪಿಕೊಳ್ಳುತ್ತಾನೆ. ಹಾಯ್, ಹಲೋ, ಯಾವ ಕ್ಲಾಸು. ಸ್ವಲ್ಪ ಹೊತ್ತಿಗೆ "ಬೇರೆ ಆ್ಯಪ್‌ಗೆ ಬಾ, ಅಲ್ಲಿ ಮಾತಾಡೋಣ." ಅಲ್ಲಿ ಮೊದಲ ಫೋಟೋ ಕಳಿಸುವುದು ಅವಳೇ. "ಈಗ ನಿನ್ನ ಸರದಿ." ಇವನೂ ಕಳಿಸುತ್ತಾನೆ. ಅಷ್ಟೇ, ಆ ಹುಡುಗಿ ಅಲ್ಲಿಗೆ ಮಾಯ. ಮುಂದಿನ ಮೆಸೇಜಿನ ಭಾಷೆಯೇ ಬೇರೆ. ಇವನ ಚಿತ್ರ, ಅದರ ಪಕ್ಕದಲ್ಲಿ ಇವನ ಫಾಲೋವರ್ಸ್ ಪಟ್ಟಿಯ ಸ್ಕ್ರೀನ್‌ಶಾಟ್. ಅಕ್ಕ, ಚಿಕ್ಕಪ್ಪ, ಕೋಚ್, ಒಬ್ಬ ಟೀಚರ್, ಪಕ್ಕದ ಬೆಂಚಿನ ಗೆಳೆಯ. "ದುಡ್ಡು ಹಾಕು. ಇಲ್ಲದಿದ್ದರೆ ಇವರಿಗೆಲ್ಲ ಹೋಗುತ್ತದೆ. ಹತ್ತು ನಿಮಿಷ ಟೈಮು."

ಇದಕ್ಕೆ ಸೆಕ್ಸ್‌ಟಾರ್ಷನ್ ಅನ್ನುತ್ತಾರೆ. ಆ ಹುಡುಗಿಯ ಫೋಟೋ ಹಿಂದೆ ಕೂತಿರುವುದು ಬಹಳ ಸಲ ಇದನ್ನೇ ಕಸುಬು ಮಾಡಿಕೊಂಡ ಗ್ಯಾಂಗು. ದುಡ್ಡಿಗಾಗಿ ನಡೆಯುವ ಈ ಬಗೆಯಲ್ಲಿ ಸಿಕ್ಕಿಬೀಳುವವರು ಹೆಚ್ಚಾಗಿ 14ರಿಂದ 17ರ ಹುಡುಗರು. ಹೆಣ್ಣುಮಕ್ಕಳ ಹತ್ತಿರ ಹೆಚ್ಚಾಗಿ ದುಡ್ಡಲ್ಲ, ಇನ್ನಷ್ಟು ಚಿತ್ರ ಕೇಳುತ್ತಾರೆ. ದುಡ್ಡು ಕೊಟ್ಟರೆ ನಿಲ್ಲುತ್ತದೆಯೇ? ಕೊಡುವವನು ಅಂತ ಗೊತ್ತಾದ ಮೇಲೆ ಯಾರು ಬಿಡುತ್ತಾರೆ? ಮತ್ತೆ ಕೇಳುತ್ತಾರೆ. ಎಷ್ಟೋ ಸಲ ಇಡೀ ಕಥೆ ಕೆಲವೇ ಗಂಟೆಗಳಲ್ಲಿ ಮುಗಿದಿರುತ್ತದೆ, ಪಕ್ಕದ ಕೋಣೆಯಲ್ಲಿ ಅಪ್ಪ ಅಮ್ಮ ಮಲಗಿರುತ್ತಾರೆ. ಆ ಕೆಲವು ಗಂಟೆಗಳನ್ನು ದಾಟಲಾಗದೆ ಜೀವ ಕಳೆದುಕೊಂಡ ಹುಡುಗರಿದ್ದಾರೆ.

ಈಗ ನನ್ನ ಪ್ರಶ್ನೆ. ಈ ಬೆದರಿಕೆಗೆ ಬಲ ಬಂದದ್ದು ಎಲ್ಲಿಂದ? ಬರೀ ಫೋಟೋ ಇಟ್ಟುಕೊಂಡು ಆ ದುರುಳ ಏನು ಮಾಡುತ್ತಿದ್ದ? ಯಾರಿಗೆ ಕಳಿಸುತ್ತಿದ್ದ? ಹುಡುಗನ ಉಸಿರು ಕಟ್ಟಿಸಿದ್ದು ಆ ಹೆಸರುಗಳ ಪಟ್ಟಿ. ಆ ಪಟ್ಟಿಯನ್ನು ಹುಡುಗ ಕೊಡಲಿಲ್ಲ. ಅಪ್ಪ ಅಮ್ಮ ಕೊಡಲಿಲ್ಲ. ರಿಕ್ವೆಸ್ಟ್ ಒಪ್ಪಿಕೊಂಡ ಕ್ಷಣಕ್ಕೆ ಆ್ಯಪ್ ತಾನಾಗಿಯೇ ಆ ದುರುಳನ ಕೈಗಿಟ್ಟಿತು.

ಇನ್‌ಸ್ಟಾಗ್ರಾಂ ಶುರುವಾದದ್ದು 2010ರಲ್ಲಿ. 16ರ ಒಳಗಿನವರ ಹೊಸ ಖಾತೆ ತಾನಾಗಿಯೇ ಪ್ರೈವೇಟ್ ಆಗುವ ಏರ್ಪಾಡು ಬಂದದ್ದು 2021ರಲ್ಲಿ. ಟೀನ್ ಅಕೌಂಟ್ ಅಂತ ಮಾಡಿ 18ರ ಒಳಗಿನವರಿಗೆ ಕಟ್ಟುನಿಟ್ಟಿನ ಸೆಟ್ಟಿಂಗ್ ಹಾಕತೊಡಗಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಸಂಶಯ ಬರುವ ಖಾತೆಗಳಿಗೆ ಫಾಲೋವರ್ಸ್ ಪಟ್ಟಿ ತೋರಿಸುವುದಿಲ್ಲ ಅಂತ ಪ್ರಕಟಿಸಿದ್ದು ಅದೇ ವರ್ಷ ಅಕ್ಟೋಬರ್‌ನಲ್ಲಿ. ಹದಿನಾಲ್ಕು ವರ್ಷ! ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನೋ ಗಾದೆ ಇದಕ್ಕೇ ಹುಟ್ಟಿದ್ದೇನೋ.

ಬಾಗಿಲನ್ನೂ ಪೂರ್ತಿ ಹಾಕಿಲ್ಲ. ಸಂಶಯ ಬರುವ ಖಾತೆಗೆ ಮಾತ್ರ ಯಾಕೆ? 18ರ ಒಳಗಿನವರ ಪಟ್ಟಿ ಅವರನ್ನು ಬಿಟ್ಟು ಬೇರೆ ಯಾರಿಗೂ ಕಾಣದಿದ್ದರೆ ಜಗತ್ತು ಮುಳುಗುತ್ತದೆಯೇ? ಇದಕ್ಕೇನೂ ದೊಡ್ಡ ಸಂಶೋಧನೆ ಆಗಬೇಕಿಲ್ಲ. ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕಂಪನಿಯದೇ ಆದ ಫೇಸ್‌ಬುಕ್‌ನಲ್ಲಿ ಸ್ನೇಹಿತರ ಪಟ್ಟಿಯನ್ನು "ನನಗೆ ಮಾತ್ರ" ಅಂತ ಇಟ್ಟುಕೊಳ್ಳುವ ಆಯ್ಕೆ ಇದೆ. ಆದರೆ ನಾವೇ ಹುಡುಕಿ ಹಾಕಿಕೊಳ್ಳಬೇಕು. ಹದಿನೈದರ ಹುಡುಗ ಹುಡುಕುತ್ತಾನಾ? ನಲವತ್ತೈದರ ನಾವೇ ಹುಡುಕುವುದಿಲ್ಲ. ಯಾರ ಪಟ್ಟಿಯಲ್ಲಿ ಯಾರಿದ್ದಾರೆ ಅಂತ ಇಣುಕುತ್ತಾ ಇದ್ದರೆ ಜಾಲ ಬೆಳೆಯುತ್ತದೆ, ಜಾಲ ಬೆಳೆದರೆ ಆದಾಯ ಬೆಳೆಯುತ್ತದೆ. ತಡ ಆದದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗಂತೂ ಕಾಣುತ್ತಿಲ್ಲ.

2024ರ ಜನವರಿ 31ರಂದು ಅಮೆರಿಕದ ಸೆನೆಟ್ ಸಮಿತಿ ಮೆಟಾ, ಟಿಕ್‌ಟಾಕ್, ಎಕ್ಸ್, ಸ್ನ್ಯಾಪ್, ಡಿಸ್ಕಾರ್ಡ್ ಕಂಪನಿಗಳ ಮುಖ್ಯಸ್ಥರನ್ನು ಸಾಲಾಗಿ ಕೂರಿಸಿ ಕೇಳಿತು. ಹಿಂದಿನ ಸಾಲುಗಳಲ್ಲಿ ಮಕ್ಕಳನ್ನು ಕಳೆದುಕೊಂಡ ತಂದೆತಾಯಂದಿರು, ಕೈಯಲ್ಲಿ ಮಕ್ಕಳ ಫೋಟೋ. ಒಬ್ಬ ಸೆನೆಟರ್ ಒತ್ತಾಯ ಮಾಡಿದ ಮೇಲೆ ಮೆಟಾದ ಮಾರ್ಕ್ ಜುಕರ್‌ಬರ್ಗ್ ಎದ್ದು ನಿಂತು, ಅವರತ್ತ ತಿರುಗಿ ಕ್ಷಮೆ ಕೇಳಿದರು. ಆ ದೃಶ್ಯ ಜಗತ್ತೆಲ್ಲ ಹರಿದಾಡಿತು. ಆಮೇಲೇನಾಯಿತು ಅನ್ನೋದು ಅಷ್ಟು ಹರಿದಾಡಲಿಲ್ಲ. ಮಕ್ಕಳ ಸುರಕ್ಷತೆಯನ್ನು ವಿನ್ಯಾಸದಲ್ಲೇ ಕಡ್ಡಾಯ ಮಾಡುವ ಮಸೂದೆ ಜುಲೈನಲ್ಲಿ ಸೆನೆಟ್‌ನಲ್ಲಿ 91-3 ಮತಗಳಿಂದ ಪಾಸಾಯಿತು. ಕೆಳಮನೆಯಲ್ಲಿ ಆ ಅವಧಿ ಮುಗಿಯುವವರೆಗೂ ಮತಕ್ಕೇ ಬರಲಿಲ್ಲ.

"ಅಪ್ಪ ಅಮ್ಮ ಏನು ಮಾಡುತ್ತಿರುತ್ತಾರೆ?" ಅಂತ ಕೇಳುವವರಿದ್ದಾರೆ. ನಿಮ್ಮಲ್ಲೂ ಕೆಲವರು ಈಗಾಗಲೇ ಟೈಪ್ ಮಾಡುತ್ತಿರಬಹುದು. ನೋಡಿ, ಕಾರಿನ ಬ್ರೇಕ್ ಕೆಟ್ಟಿದ್ದರೆ ಡ್ರೈವಿಂಗ್ ಕ್ಲಾಸಿಗೆ ಹೋಗಿ ಅಂತ ಯಾರೂ ಹೇಳುವುದಿಲ್ಲ. ಮನೆಯವರು ಗಮನ ಇಡಲಿ, ಬೇಡ ಅಂದವರಾರು? ಆದರೆ ಜಗತ್ತಿನ ಅತಿ ಜಾಣ ಎಂಜಿನಿಯರ್‌ಗಳು ಕೂತು ಕಟ್ಟಿದ ವ್ಯವಸ್ಥೆಯನ್ನು, ದಿನವಿಡೀ ದುಡಿದು ಬಂದ ತಾಯಿ ಸೆಟ್ಟಿಂಗ್ಸ್ ಒಳಗೆ ಹುಡುಕಾಡಿ ರಿಪೇರಿ ಮಾಡಬೇಕು ಅನ್ನೋದು ಯಾವ ನ್ಯಾಯ?

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಮಕ್ಕಳ ಹೆಸರು ಹೇಳಿಕೊಂಡು ಎಲ್ಲರ ಖಾಸಗಿ ಮಾತಿಗೂ ಕಿವಿ ಹಚ್ಚುತ್ತೀರಾ ಅನ್ನೋದು. ಈ ಭಯ ಸುಳ್ಳಲ್ಲ. ಆ್ಯಪಲ್ 2021ರಲ್ಲಿ, ಐಕ್ಲೌಡ್‌ಗೆ ಹೋಗುವ ಫೋಟೋಗಳಲ್ಲಿ ಮಕ್ಕಳ ದೌರ್ಜನ್ಯದ ಚಿತ್ರಗಳಿದ್ದರೆ ಫೋನಿನಲ್ಲೇ ಪತ್ತೆ ಹಚ್ಚುತ್ತೇನೆ ಅಂದಾಗ ಭಾರಿ ವಿರೋಧ ಬಂತು, 2022ರ ಕೊನೆಗೆ ಕೈಬಿಟ್ಟಿತು. ವಿರೋಧಿಸಿದವರೆಲ್ಲ ಮಕ್ಕಳ ವೈರಿಗಳೇನಲ್ಲ. ಇವತ್ತು ಇದನ್ನು ಹುಡುಕುವ ಯಂತ್ರ ನಾಳೆ ಸರ್ಕಾರಕ್ಕೆ ಬೇಡವಾದ ಚಿತ್ರವನ್ನೂ ಹುಡುಕಬಹುದು, ನಿಜ. ಇತ್ತ ಮೆಟಾ 2023ರ ಡಿಸೆಂಬರ್‌ನಿಂದ ಮೆಸೆಂಜರ್ ಮಾತುಕತೆಗೆ ತಾನಾಗಿಯೇ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಹಾಕತೊಡಗಿತು, ಅಂದರೆ ಕಳಿಸಿದವರು ಮತ್ತು ಪಡೆದವರನ್ನು ಬಿಟ್ಟು ಕಂಪನಿಗೂ ಆ ಮಾತು ಕಾಣುವುದಿಲ್ಲ. ಅಮೆರಿಕದಲ್ಲಿ ಎನ್‌ಸಿಎಂಇಸಿ ಅನ್ನೋ ಸಂಸ್ಥೆ ಇದೆ, ಕಂಪನಿಗಳು ಇಂಥ ಪ್ರಕರಣ ಕಂಡರೆ ವರದಿ ಮಾಡುವುದು ಅಲ್ಲಿಗೆ. 2023ರಲ್ಲಿ ಅಲ್ಲಿಗೆ ಬಂದ ವರದಿಗಳು 3.62 ಕೋಟಿ, 2024ರಲ್ಲಿ 2.05 ಕೋಟಿ. ಅಪರಾಧ ಇಳಿಯಿತು ಅಂತ ಸಮಾಧಾನ ಪಡಬೇಡಿ. ಒಂದೇ ಘಟನೆಯ ಹಲವು ವರದಿಗಳನ್ನು ಒಟ್ಟುಗೂಡಿಸಲು ಶುರು ಮಾಡಿದ್ದು ಒಂದು ಕಾರಣ, ಎನ್‌ಕ್ರಿಪ್ಷನ್ ಇನ್ನೊಂದು. ಕಾಣದ್ದನ್ನು ಯಾರು ವರದಿ ಮಾಡುತ್ತಾರೆ? ಅದೇ ವರ್ಷ ಮಕ್ಕಳನ್ನು ಪುಸಲಾಯಿಸುವ ಪ್ರಕರಣಗಳ ವರದಿ 5.46 ಲಕ್ಷಕ್ಕೇರಿತು, ಹಿಂದಿನ ವರ್ಷದ ಸುಮಾರು ಮೂರು ಪಟ್ಟು. ಎಐ ನಂಟಿನ ವರದಿಗಳು 4,700ರಿಂದ 67,000ಕ್ಕೆ ಹಾರಿದವು. ಮಗು ಯಾವ ಫೋಟೋ ಕಳಿಸದಿದ್ದರೂ ಶಾಲೆಯ ಗ್ರೂಪ್ ಫೋಟೋದಿಂದಲೇ ಬೆತ್ತಲೆ ಚಿತ್ರ ಸೃಷ್ಟಿಸುವ ಆ್ಯಪ್‌ಗಳು ಬಂದಿವೆ. ಅವುಗಳ ಬಗ್ಗೆ ವಾದವೇ ಬೇಡ, ನಿಷೇಧ ಮಾಡಿ ಅಂತ ಕೇಳುವವನು ನಾನು.

ಆದರೆ ಖಾಸಗಿತನ ಮತ್ತು ಸುರಕ್ಷತೆ, ಎರಡರಲ್ಲಿ ಒಂದನ್ನು ಆರಿಸಿ ಅನ್ನೋ ವಾದ ಕಂಪನಿಗಳಿಗೆ ಬಲು ಅನುಕೂಲ. ಅದನ್ನು ನಾನು ಒಪ್ಪುವುದಿಲ್ಲ. ಮೆಸೇಜ್ ಓದದೆ ಮಾಡಬಹುದಾದ ಕೆಲಸವೇ ರಾಶಿ ಇದೆ. ಪಟ್ಟಿ ಮುಚ್ಚುವುದಕ್ಕೆ ಯಾರ ಮೆಸೇಜ್ ಓದಬೇಕು? ದೊಡ್ಡವರ ಖಾತೆಯನ್ನು ಮಕ್ಕಳಿಗೆ "ನಿಮಗೆ ಪರಿಚಯ ಇರಬಹುದು" ಅಂತ ತೋರಿಸದಿರುವುದಕ್ಕೆ? ಬೆತ್ತಲೆ ಚಿತ್ರ ಬಂದರೆ ಫೋನಿನೊಳಗೇ ಗುರುತಿಸಿ ಮಸುಕು ಮಾಡುವ ತಂತ್ರ ಈಗಾಗಲೇ ಐಫೋನ್‌ನಲ್ಲಿದೆ, ಇನ್‌ಸ್ಟಾಗ್ರಾಂನಲ್ಲೂ ಬಂದಿದೆ. ಆ ಚಿತ್ರ ಕಂಪನಿಗೂ ಹೋಗುವುದಿಲ್ಲ.

ಹಾಗಾದರೆ ಮಕ್ಕಳಿಗೆ ಸೋಷಿಯಲ್ ಮೀಡಿಯಾವನ್ನೇ ಬಂದ್ ಮಾಡಿಬಿಡೋಣವೇ? ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16ರ ಒಳಗಿನವರು ಖಾತೆ ತೆರೆಯದಂತೆ ತಡೆಯುವ ಹೊಣೆಯನ್ನು ಕಂಪನಿಗಳ ಮೇಲೇ ಹಾಕಿದೆ. ದಂಡ ಕಂಪನಿಗೆ, ಮಗುವಿಗೂ ಇಲ್ಲ, ಪೋಷಕರಿಗೂ ಇಲ್ಲ. ಅದು ನನಗೆ ಇಷ್ಟವಾದ ಅಂಶ. ಅಳುಕು ಒಂದೇ: ಸುಳ್ಳು ವಯಸ್ಸು ಹೇಳಿ ಕದ್ದು ಖಾತೆ ಮಾಡಿಕೊಂಡ ಮಗು ಬೆದರಿಕೆಗೆ ಸಿಕ್ಕಿದರೆ ಯಾರ ಹತ್ತಿರ ಹೇಳುತ್ತದೆ? ಬೈಗುಳ ಖಚಿತ ಅಂತ ಗೊತ್ತಿದ್ದರೆ ಬಾಯಿ ಬಿಡುತ್ತದೆಯೇ? ಬ್ಲ್ಯಾಕ್‌ಮೇಲ್ ಮಾಡುವವನಿಗೆ ಬೇಕಾದದ್ದೂ ಆ ಮೌನವೇ.

ಮಗು ಬಂದು ಹೇಳಿತು ಅಂತಿಟ್ಟುಕೊಳ್ಳಿ. ನಿಮ್ಮ ಬಾಯಿಂದ ಮೊದಲು ಬರಬೇಕಾದದ್ದು "ಹೇಳಿದ್ದು ಒಳ್ಳೆಯದಾಯಿತು, ಇದರಲ್ಲಿ ನಿನ್ನ ತಪ್ಪಿಲ್ಲ" ಅನ್ನೋದು. ಫೋನ್ ಕಿತ್ತುಕೊಳ್ಳಬೇಡಿ. ದುಡ್ಡು ಕಳಿಸಬೇಡಿ. ಗಾಬರಿಯಲ್ಲಿ ಚಾಟ್ ಅಳಿಸಬೇಡಿ, ಆ ಖಾತೆಯ ಹೆಸರು, ಬೆದರಿಕೆಯ ಮಾತು, ದುಡ್ಡು ಕೇಳಿದ ವಿವರ ಎಲ್ಲ ಸಾಕ್ಷಿ. ಮಗುವಿನ ಚಿತ್ರವನ್ನು ಮಾತ್ರ ಯಾರಿಗೂ ಫಾರ್ವರ್ಡ್ ಮಾಡಬೇಡಿ. ಆ ಖಾತೆಯನ್ನು ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿ, ಪೊಲೀಸರ ಹತ್ತಿರ ಹೋಗಿ.

ಎನ್‌ಸಿಎಂಇಸಿ ನಡೆಸುವ ಟೇಕ್ ಇಟ್ ಡೌನ್ ಅನ್ನೋ ಉಚಿತ ಸೇವೆಯೂ ಇದೆ, ಯಾವ ದೇಶದವರಾದರೂ ಬಳಸಬಹುದು. ಅಲ್ಲಿ ಚಿತ್ರವನ್ನು ಯಾರಿಗೂ ತೋರಿಸುವ ಅಗತ್ಯವಿಲ್ಲ. ಚಿತ್ರ ನಿಮ್ಮ ಫೋನಿನಲ್ಲೇ ಉಳಿದು, ಅದರ ಬೆರಳಚ್ಚಿನಂಥ ಒಂದು ಸಂಕೇತ ಮಾತ್ರ ಹೋಗುತ್ತದೆ. ಇದಕ್ಕೆ ಕೈಜೋಡಿಸಿರುವ ಕಂಪನಿಗಳು ಆ ಸಂಕೇತಕ್ಕೆ ಹೊಂದುವ ಚಿತ್ರ ಸಿಕ್ಕರೆ ತೆಗೆಯುತ್ತವೆ. ಎನ್‌ಕ್ರಿಪ್ಟ್ ಆದ ಚಾಟ್‌ನಲ್ಲಿ ಇದು ನಡೆಯುವುದಿಲ್ಲ, ಕೈಜೋಡಿಸದ ಕಡೆಯೂ ಇಲ್ಲ. ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಈಗ ನಿಮಗೆ ಮೂವತ್ತಾಗಿದ್ದರೂ ಸರಿ, ಆ ಚಿತ್ರ ಹದಿನೆಂಟು ತುಂಬುವ ಮೊದಲಿನದಾಗಿದ್ದರೆ ಈ ಸೇವೆ ನಿಮಗೂ ಸಿಗುತ್ತದೆ. ಹೆಸರು ಕೇಳುವುದಿಲ್ಲ.